ಕುದುರೆ ಕುಂಟಿದಾಗ ಮೊದಲು ನೋವಿನ ಜಾಗ ಹುಡುಕಿ

ವಿಜಯಪುರದ ಗೋಳಗುಮ್ಮಟದ ಮುಂದೆ ಟಾಂಗಾ ಎಳೆಯುವ ಕುದುರೆ ಕುಂಟತೊಡಗಿದರೆ ಮೊದಲು ನೆನಪಾಗುವುದು ನೋವಿನ ಇಂಜೆಕ್ಷನ್. ಅದು ಕಾರಣ ತಿಳಿದ ಮೇಲೆ ಬರಬೇಕಾದದ್ದು. ಮುಂಗಾಲು ಕುಂಟಿದರೆ ತೊಂದರೆ ಹೆಚ್ಚಾಗಿ ಗೊರಸಿನಲ್ಲೇ ಇರುತ್ತದೆ. ಜನ ಮಾತ್ರ ಹೆಗಲು ನೀವುತ್ತಾರೆ. ನೋಯುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆ ಎತ್ತುತ್ತದೆ, ಅದರಿಂದ ಯಾವ ಕಾಲೆಂದು ಗೊತ್ತಾಗುತ್ತದೆ. ನೋವಿನ ಜಾಗ ಹುಡುಕಲು ಪಶುವೈದ್ಯರು ಗೊರಸನ್ನು ಇಕ್ಕಳದಿಂದ ಒತ್ತಿ ನೋಡಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರವನ್ನು ಮರಗಟ್ಟಿಸಿ ನಡೆಸುತ್ತಾರೆ. ಕುಂಟುವುದು ಎಲ್ಲಿ ನಿಂತಿತೋ ಅಲ್ಲಿಗೆ ಎಕ್ಸ್‌ರೇ, ಸ್ಕ್ಯಾನ್. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಸ್ನಾಯುರಜ್ಜುವಿಗೆ ಪೆಟ್ಟಾಗಿರಬಹುದು.

ದುಡಿಮೆ ನಿಂತರೆ ಹೊಟ್ಟೆಗೇನು ಎಂಬ ಪ್ರಶ್ನೆ ನಿಜವೇ. ಆದರೆ ಇಂಜೆಕ್ಷನ್‌ನಿಂದ ನೋವು ಮರೆತ ಕುದುರೆ ಗಾಯದ ಕಾಲಿನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಬಿಡುವಿನಲ್ಲಿ ಮಾಯುತ್ತಿದ್ದ ಗಾಯ ತಿಂಗಳುಗಟ್ಟಲೆ ಎಳೆಯುತ್ತದೆ. ದೂರದ ಹಳ್ಳಿಯಿಂದ ತಜ್ಞರ ಬಳಿ ಒಯ್ಯುವುದು ಕಷ್ಟವಾದರೆ, ಗಟ್ಟಿ ನೆಲದ ಮೇಲೆ ಕುದುರೆ ನಡೆಯುವ ವಿಡಿಯೊ ತೆಗೆದು ಪಶುವೈದ್ಯರಿಗೆ ತೋರಿಸಬಹುದು.