ಬಿಟ್ಟುಹೋದ ಗಿರಾಕಿ ನಿಜವಾಗಿ ಬಿಟ್ಟುಹೋಗಿದ್ದಾರಾ?

ಇವತ್ತಿನ ವಿಷಯ ಕೇಳಿದ್ರೆ "ಇದೇನು, ವಿಜ್ಞಾನ ಬಿಟ್ಟು ವ್ಯಾಪಾರಕ್ಕೆ ಇಳಿದ್ರಾ?" ಅಂತ ನೀವು ನಗಬಹುದು. ಪ್ರಶ್ನೆ ವ್ಯಾಪಾರದ್ದೇ. ಆದ್ರೆ ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಸಂಭವನೀಯತೆಯ ಲೆಕ್ಕ ಮತ್ತು ಗೋಧಿ ಹೊಲದಲ್ಲಿ ಹುಟ್ಟಿದ ಒಂದು ಪ್ರಯೋಗದ ವಿಧಾನ.

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಊರಲ್ಲಿ ಧಾರವಾಡ ಕಡೆಯವರೊಬ್ಬರು ಊಟದ ಡಬ್ಬಿ ಮಾಡಿ ಕೊಡ್ತಾರೆ. ಎಲ್ಲರೂ ಅವರನ್ನ ಅಕ್ಕ ಅಂತಲೇ ಕರೆಯೋದು. ಬಾಡಿಗೆ ಅಡುಗೆಮನೆ, ಕೈಯಾಸರೆಗೆ ಇಬ್ಬರು, ಪ್ರತಿ ಶುಕ್ರವಾರ ಡೆಲಿವರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಡುಗೆಮನೆಯ ಬಾಡಿಗೆ ಕರಾರು ಮುಗಿಯೋಕೆ ಬಂದಿತ್ತು. ಇನ್ನೂ ದೊಡ್ಡ ಜಾಗ ಹಿಡಿಯೋದಾ, ಅಥವಾ ಇದನ್ನೇ ನಿಲ್ಲಿಸಿಬಿಡೋದಾ ಅನ್ನೋ ಸ್ಥಿತಿ. ಒಂದಿನ ಫೋನ್ ಮಾಡಿದ್ರು.

"ಪಟ್ಟಿಯೊಳಗ 300 ಮಂದಿ ಅದಾರ. ಡಬ್ಬಿ ಹೋಗೂದು ಬರೇ 60. ಉಳಿದವ್ರು ಎಲ್ಲಿ ಹೋದ್ರು? ಅವ್ರನ್ನ ವಾಪಸ್ ಕರ್ಯೂದು ಹೆಂಗ? ನೀವು ಲೆಕ್ಕ ಕಲಿತವ್ರು, ಹೇಳ್ರಿ."

ಲೆಕ್ಕ ಕಲಿತವನು ತಕ್ಷಣ ಉತ್ತರ ಹೇಳಲಿಲ್ಲ. ಯಾಕಂದ್ರೆ ಇದು ಒಂದು ಪ್ರಶ್ನೆ ಅಲ್ಲ, ಮೂರು.

ಮೊದಲನೇ ಪ್ರಶ್ನೆ: ಹೋದವರು ಯಾರು?

ಮೊಬೈಲ್ ಕನೆಕ್ಷನ್ ಬಿಡೋರು ಹೇಳಿ ಬಿಡ್ತಾರೆ. ದಿನಾಂಕ ಸಮೇತ ಗೊತ್ತಾಗುತ್ತೆ. ಡಬ್ಬಿ ತರಿಸೋರು ಹಾಗಲ್ಲ. "ಇವತ್ತಿಂದ ನಾನು ನಿಮ್ಮ ಗಿರಾಕಿ ಅಲ್ಲ" ಅಂತ ಯಾರೂ ಹೇಳಲ್ಲ. ಸುಮ್ಮನಾಗ್ತಾರೆ ಅಷ್ಟೇ. ಆ ಮೌನಕ್ಕೆ ಅರ್ಥ ಹುಡುಕಬೇಕು.

ಒಂದು ಉದಾಹರಣೆ ಇಟ್ಕೊಳ್ಳೋಣ. ಒಂದು ಮನೆಯವರು ಹೆಚ್ಚುಕಡಿಮೆ ಪ್ರತಿ ವಾರ ತರಿಸ್ತಿದ್ರು. ಐದು ವಾರದಲ್ಲಿ ಒಂದು ವಾರ ತಪ್ಪಿಸ್ತಿದ್ರು ಅನ್ನಿ. ಇನ್ನೊಂದು ಮನೆಯವರು ಸರಾಸರಿ ಎಂಟು ವಾರಕ್ಕೊಮ್ಮೆ. ಈಗ ಇಬ್ಬರಿಂದಲೂ ಎಂಟು ವಾರದಿಂದ ಆರ್ಡರ್ ಇಲ್ಲ. ಇಬ್ಬರಲ್ಲಿ ಯಾರು ಬಿಟ್ಟುಹೋಗಿದ್ದಾರೆ?

ಮನಸ್ಸು ಹೇಳೋದು: ಮೊದಲನೆಯವರು ನಿಷ್ಠಾವಂತರು, ಬಂದೇ ಬರ್ತಾರೆ. ಲೆಕ್ಕ ಹೇಳೋದು ಉಲ್ಟಾ. ಅವರು ಇನ್ನೂ ಗಿರಾಕಿಯೇ ಆಗಿದ್ದು, ಬರೀ ಆಕಸ್ಮಿಕವಾಗಿ ಎಂಟು ವಾರ ಸತತ ತಪ್ಪಿಸೋ ಸಾಧ್ಯತೆ ಎಷ್ಟು? ಐದರಲ್ಲಿ ಒಂದು ಅನ್ನೋದನ್ನ ಎಂಟು ಸಲ ಗುಣಿಸಿ. ಸುಮಾರು 3 ಲಕ್ಷ 90 ಸಾವಿರಕ್ಕೆ ಒಂದು. ಎರಡನೆಯವರ ವಿಷಯದಲ್ಲಿ ಎಂಟು ವಾರದ ಮೌನ ತೀರಾ ಮಾಮೂಲಿ. ಅವರ ಆರ್ಡರ್‌ಗಳು ಗೊತ್ತುಗುರಿ ಇಲ್ಲದೆ ಬರ್ತಿವೆ ಅಂತ ಇಟ್ಕೊಂಡ್ರೆ, ಗಿರಾಕಿಯಾಗಿದ್ದೂ ಎಂಟು ವಾರ ಸುಮ್ಮನಿರೋ ಸಾಧ್ಯತೆ 100ಕ್ಕೆ 37. ಅಂದ್ರೆ ಪದೇ ಪದೇ ಬರ್ತಿದ್ದವರ ಮೌನವೇ ಹೆಚ್ಚು ಗಂಭೀರ.

ಇದು ನನ್ನ ಕಂಡುಹಿಡಿತ ಅಲ್ಲ. ಜನ ಎಷ್ಟು ಸಲ ಕೊಳ್ತಾರೆ ಅನ್ನೋದಕ್ಕೆ ಒಂದು ಗಣಿತದ ಮಾದರಿ ಇದೆ ಅಂತ ಬ್ರಿಟನ್ನಿನ ಆಂಡ್ರ್ಯೂ ಎಹ್ರೆನ್‌ಬರ್ಗ್ 1959ರಲ್ಲೇ ತೋರಿಸಿದ್ರು. 1987ರಲ್ಲಿ ಅಮೆರಿಕದ ಶ್ಮಿಟ್ಲೈನ್, ಮಾರಿಸನ್ ಮತ್ತು ಕೊಲಂಬೊ ಅದನ್ನ ಮುಂದುವರಿಸಿದ್ರು. ಅವರ ಪ್ರಶ್ನೆ ನಮ್ಮ ಅಕ್ಕನ ಪ್ರಶ್ನೆಯೇ: ಪಟ್ಟಿಯಲ್ಲಿರೋ ಹೆಸರುಗಳಲ್ಲಿ ಇನ್ನೂ ಗಿರಾಕಿಗಳಾಗಿ ಉಳಿದವರು ಎಷ್ಟು ಮಂದಿ? ಅವರ ಮಾದರಿಗೆ ಬೇಕಾದ್ದು ಪ್ರತಿ ಗಿರಾಕಿಯ ಬಗ್ಗೆ ಮೂರೇ ಮೂರು ಸಂಗತಿ. ಪರಿಚಯ ಆಗಿ ಎಷ್ಟು ದಿನ ಆಯ್ತು, ಎಷ್ಟು ಸಲ ಕೊಂಡ್ರು, ಕೊನೇ ಸಲ ಕೊಂಡಿದ್ದು ಯಾವಾಗ.

ಆದ್ರೆ ಮಾದರಿ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಸಂಬಂಧ ಇಲ್ಲ ಅಂತ ನಾನು ಮೇಲಿನ ಲೆಕ್ಕದಲ್ಲಿ ಊಹಿಸಿದೆ. ನಮ್ಮ ಜನರ ವಿಷಯದಲ್ಲಿ ಅದು ಸುಳ್ಳು. ಮಕ್ಕಳ ಶಾಲೆಗೆ ರಜಾ ಬಂದ ತಕ್ಷಣ ಆರು ವಾರ ಊರಿಗೆ ಹೋಗ್ತೀವಿ. ಅತ್ತೆ-ಮಾವ ಬಂದು ಆರು ತಿಂಗಳು ಇರ್ತಾರೆ, ಮನೇಲೇ ರೊಟ್ಟಿ ಬಡೀತಾರೆ. ಆಗ ಮೌನ ಅಂದ್ರೆ ಬಿಟ್ಟುಹೋಗಿದ್ದಾರೆ ಅಂತಲ್ಲ. ಹಾಗಾಗಿ ಅಕ್ಕನಿಗೆ ಹೇಳಿದೆ: ಎಲ್ಲರಿಗೂ ಒಂದೇ ಗಡುವು ಇಡಬೇಡಿ. ಪ್ರತಿ ಮನೆಯ ಮೌನವನ್ನ ಆ ಮನೆಯ ಹಳೇ ಅಭ್ಯಾಸದ ಜೊತೆಗೇ ಹೋಲಿಸಿ, ರಜಾ ತಿಂಗಳು ಬಿಟ್ಟು.

ಎರಡನೇ ಪ್ರಶ್ನೆ: ಬಂದವರು ನಾವು ಕರೆದಿದ್ದಕ್ಕೇ ಬಂದ್ರಾ?

ಸಾಮಾನ್ಯವಾಗಿ ಏನು ಮಾಡ್ತಾರೆ? "ನಿಮ್ಮನ್ನ ಮಿಸ್ ಮಾಡ್ಕೊಳ್ತಿದ್ದೀವಿ, 20 ಪರ್ಸೆಂಟ್ ಡಿಸ್ಕೌಂಟ್" ಅಂತ ಎಲ್ಲರಿಗೂ ಸಂದೇಶ ಕಳಿಸ್ತಾರೆ. ಕೆಲವರು ಬರ್ತಾರೆ. ಕಳಿಸಿದವರಿಗೆ ಖುಷಿ. ಆದ್ರೆ ಸಂದೇಶ ಹೋಗದೇ ಇದ್ದಿದ್ರೆ ಅವರಲ್ಲಿ ಎಷ್ಟು ಮಂದಿ ತಾವಾಗೇ ಬರ್ತಿದ್ರು? ಊರಿಂದ ವಾಪಸ್ ಬಂದವರು, ಅತ್ತೆಯನ್ನ ವಿಮಾನ ಹತ್ತಿಸಿದವರು?

ಇಂಥ ಪ್ರಶ್ನೆಗೆ ದಾರಿ ತೋರಿಸಿದ್ದು ಹೊಲ. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ್ರು. ಗೊಬ್ಬರದಿಂದ ಬೆಳೆ ಹೆಚ್ಚಿತೋ, ಆ ಮಣ್ಣೇ ಫಲವತ್ತಾಗಿತ್ತೋ? ಅವರ ಉಪಾಯ: ಯಾವ ತುಂಡು ಭೂಮಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಅನ್ನೋದನ್ನ ಚೀಟಿ ಎತ್ತಿ ನಿರ್ಧರಿಸಿ. ಆಮೇಲೆ ಎರಡನ್ನೂ ಹೋಲಿಸಿ. ಇವತ್ತು ಹೊಸ ಔಷಧಿ ಪರೀಕ್ಷೆ ಮಾಡೋದೂ ಹೀಗೇ.

ಡಬ್ಬಿಗೆ ಅನ್ವಯಿಸೋಣ. ಅಂಕಿ ಬರೀ ಉದಾಹರಣೆಗೆ. ಮೌನವಾದ 200 ಜನ. ನಾಣ್ಯ ಚಿಮ್ಮಿ ಎರಡು ಗುಂಪು ಮಾಡಿದ್ವಿ. ಸಂದೇಶ ಹೋದ 100ರಲ್ಲಿ 14 ಮಂದಿ ಬಂದ್ರು. ಸಂದೇಶ ಹೋಗದ 100ರಲ್ಲಿ 9 ಮಂದಿ. ಹಾಗಾದ್ರೆ ಸಂದೇಶ ತಂದದ್ದು 14 ಅಲ್ಲ, 5.

ಈಗ ದುಡ್ಡು. ಡಬ್ಬಿಗೆ 15 ಡಾಲರ್, ಅದರಲ್ಲಿ ಲಾಭ 5 ಅನ್ನಿ. 20 ಪರ್ಸೆಂಟ್ ಬಿಟ್ರೆ ಲಾಭ 2 ಡಾಲರ್. 14 ಮಂದಿಯಿಂದ ಬಂದದ್ದು 28 ಡಾಲರ್. ಏನೂ ಮಾಡದೆ ಸುಮ್ಮನಿದ್ದ ಗುಂಪಿನ 9 ಮಂದಿಯಿಂದ? 45 ಡಾಲರ್. ಮೊದಲ ವಾರದ ಮಟ್ಟಿಗೆ ಕರೆದಿದ್ದೇ ನಷ್ಟ! ತಾವಾಗೇ ಬರ್ತಿದ್ದವರಿಗೂ ಡಿಸ್ಕೌಂಟ್ ಕೊಟ್ಟುಬಿಟ್ವಿ. ಹೆಚ್ಚುವರಿ ಬಂದ ಆ ಐವರು ಮುಂದೆಯೂ ಪೂರ್ತಿ ಬೆಲೆ ಕೊಟ್ಟು ತರಿಸಿದ್ರೆ ಮಾತ್ರ ಲೆಕ್ಕ ಸರಿಹೋಗುತ್ತೆ. ಇನ್ನೊಂದು ಎಚ್ಚರಿಕೆ: 100 ಜನರ ಗುಂಪಲ್ಲಿ 14ಕ್ಕೂ 9ಕ್ಕೂ ಇರೋ ವ್ಯತ್ಯಾಸ ಬರೀ ಆಕಸ್ಮಿಕವೂ ಆಗಿರಬಹುದು. ಕೆಲವು ತಿಂಗಳು ಇದನ್ನೇ ಮಾಡಿ ಒಟ್ಟು ನೋಡಬೇಕು.

ಕರೆಯೋದರಿಂದ ಕೆಟ್ಟದ್ದೂ ಆಗಬಹುದಾ? ಆಗಬಹುದು. ಎವಾ ಅಸ್ಕಾರ್ಜಾ ಮತ್ತು ಸಂಗಡಿಗರು 2016ರಲ್ಲಿ ಒಂದು ಮೊಬೈಲ್ ಕಂಪನಿಯ ಪ್ರಯೋಗವನ್ನ ಪ್ರಕಟಿಸಿದ್ರು. ಗಿರಾಕಿಗಳು ಬಿಟ್ಟುಹೋಗದಿರಲಿ ಅಂತ ಕಂಪನಿ "ನಿಮಗೆ ಈ ಪ್ಲಾನ್ ಅನುಕೂಲ, ಬದಲಾಯಿಸಿ" ಅಂತ ಸಲಹೆ ಕೊಡ್ತು. ಸಲಹೆ ಸಿಗದವರಲ್ಲಿ 6 ಪರ್ಸೆಂಟ್ ಬಿಟ್ಟುಹೋದ್ರು. ಸಲಹೆ ಸಿಕ್ಕವರಲ್ಲಿ 10 ಪರ್ಸೆಂಟ್! ಸುಮ್ಮನಿದ್ದವರಿಗೆ ತಾವು ಎಷ್ಟು ಕಟ್ತಿದ್ದೀವಿ, ಬೇರೆ ಕಡೆ ಎಷ್ಟಿದೆ ಅಂತ ಯೋಚಿಸೋಕೆ ಕಂಪನಿಯೇ ನೆನಪು ಮಾಡಿಕೊಟ್ಟ ಹಾಗಾಯ್ತು. ದಾರೀಲಿ ಹೋಗೋ ಮಾರಿನ ಮನೆಗೆ ಕರೆದ ಹಾಗೆ. ಹೋಲಿಸೋಕೆ ಇನ್ನೊಂದು ಗುಂಪು ಇಲ್ಲದಿದ್ರೆ ಈ ವಿಷಯ ಯಾರಿಗೂ ಗೊತ್ತೇ ಆಗ್ತಿರಲಿಲ್ಲ.

ಮೂರನೇ ಪ್ರಶ್ನೆ: ಯಾಕೆ ಹೋದ್ರು?

ಇದು ಅಂಕಿಗೆ ಪೂರ್ತಿ ಸಿಗೋದಲ್ಲ. ನಿಮಗೆಲ್ಲ ನೆನಪಿರೋ ಒಂದು ಘಟನೆ ನೋಡೋಣ. 2015ರ ಜೂನ್. ಕೆಲವು ಮಾದರಿಗಳಲ್ಲಿ ಮಿತಿ ಮೀರಿದ ಸೀಸ ಇದೆ ಅನ್ನೋ ವರದಿ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನ ಮಾರುಕಟ್ಟೆಯಿಂದ ತೆಗೆಸ್ತು. ಮಿತಿ ಇದ್ದದ್ದು ಹತ್ತು ಲಕ್ಷ ಭಾಗದಲ್ಲಿ 2.5 ಭಾಗ, ಒಂದು ವರದಿ ಹೇಳಿದ್ದು 17.2. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನ ರದ್ದು ಮಾಡಿ, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂತು. ಮೂರರಲ್ಲೂ ಸೀಸ ಮಿತಿಯೊಳಗೇ ಬಂತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಗೋವಾದಿಂದ ಬಂದ ಮಾದರಿಗಳನ್ನ ಪರೀಕ್ಷಿಸಿ ನಿಯಮದೊಳಗೇ ಇವೆ ಅಂದಿತ್ತು. ನಂಜನಗೂಡಿನ ಕಾರ್ಖಾನೆಯೂ ಸೇರಿ ಮತ್ತೆ ತಯಾರಿ ಶುರುವಾಗಿ, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ವಾಪಸ್ ಬಂತು.

ಅಲ್ಲಿ ಜನ ದೂರ ಆಗಿದ್ದು ಬೆಲೆಗಲ್ಲ, ರುಚಿಗಲ್ಲ. ಮಕ್ಕಳಿಗೆ ಸೀಸ ತಿನ್ನಿಸ್ತಿದ್ದೀವಾ ಅನ್ನೋ ಭಯ. ಆ ಭಯಕ್ಕೆ ಡಿಸ್ಕೌಂಟ್ ಉತ್ತರ ಆಗೋಕೆ ಸಾಧ್ಯವೇ ಇಲ್ಲ. ಪರೀಕ್ಷೆಯ ವರದಿಯೇ ಬೇಕು. ಜನ ಮರಳಿದ್ದು ವರದಿಯಿಂದಲೋ, ಜಾಹೀರಾತಿಂದಲೋ, ಹಳೇ ರುಚಿಯ ಆಸೆಯಿಂದಲೋ? ಹೋಲಿಸೋಕೆ ಮ್ಯಾಗಿ ನಿಷೇಧವೇ ಆಗದ ಇನ್ನೊಂದು ಭಾರತ ಇಲ್ಲ. ಒಂದಂತೂ ಸ್ಪಷ್ಟ: ಹೋದ ಕಾರಣ ಯಾವುದೋ, ಮದ್ದೂ ಅದಕ್ಕೆ ತಕ್ಕದ್ದೇ ಆಗಿರಬೇಕು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ನೈಜೀರಿಯಾದ ರೈಲಿನ ಕಥೆ ಹೇಳ್ತಾರೆ. ಸೇವೆ ಕೆಟ್ಟಿದ್ರೂ ರೈಲ್ವೆ ಸುಧಾರಿಸಲಿಲ್ಲ. ಯಾಕೆ? ಅತಿ ಹೆಚ್ಚು ಜಗಳ ಆಡಬಹುದಾಗಿದ್ದವರೇ ಲಾರಿಗೆ ಹೋಗಿಬಿಟ್ರು, ಬೈಯೋರೇ ಉಳಿಯಲಿಲ್ಲ. ಅಸಮಾಧಾನ ಆದವರಿಗೆ ಎರಡು ದಾರಿ: ಬಾಯಿಬಿಟ್ಟು ಹೇಳೋದು, ಇಲ್ಲ ಸುಮ್ಮನೆ ಹೊರಟುಹೋಗೋದು. ಬೈದು ಹೋದವರು ನಿಮಗೆ ಕಾರಣ ಕೊಟ್ಟು ಹೋದ್ರು. ಸುಮ್ಮನೆ ಹೋದವರಿಗೆ ನೀವೇ ಕೇಳಬೇಕು.

ಅಕ್ಕ ಕೇಳಿದ್ರು. ಡಿಸ್ಕೌಂಟ್ ಮಾತು ಎತ್ತದೆ, ಪದೇ ಪದೇ ತರಿಸ್ತಿದ್ದು ಮೌನವಾದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ "ಏನ್ ತಪ್ಪಾತು ಹೇಳ್ರಿ" ಅಂದ್ರು. ಒಬ್ಬರು ಬೆಂಗಳೂರಿಂದ ಫೋನ್ ಎತ್ತಿದ್ರು. ಕೆಲಸ ಹೋಗಿತ್ತು, ಎಚ್1ಬಿ ವೀಸಾದವರಿಗೆ ಇಲ್ಲಿ ಇನ್ನೊಂದು ಕೆಲಸ ಹುಡುಕೋಕೆ ಸಿಗೋದು ಹೆಚ್ಚಂದ್ರೆ 60 ದಿನ. ಇನ್ನೊಂದು ಮನೇಲಿ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ರು. ಒಬ್ಬರು ಸಂಕೋಚದಿಂದಲೇ ಇನ್ನು ಫೋನ್ ಮಾಡಬೇಡಿ ಅಂದ್ರು. ಆ ಹೆಸರನ್ನ ಅಕ್ಕ ಆವತ್ತೇ ಪಟ್ಟಿಯಿಂದ ಅಳಿಸಿದ್ರು.

ಆದ್ರೆ ಮಕ್ಕಳಿರೋ ಹಲವು ಮನೆಗಳಿಂದ ಬಂದದ್ದು ಒಂದೇ ಮಾತು: "ರೊಟ್ಟಿ ಚೆನ್ನಾಗಿತ್ತು ಅಕ್ಕಾ, ಡಬ್ಬಿ ಬರೋ ಹೊತ್ತಿಗೆ ಮಕ್ಕಳು ಏನೋ ತಿಂದು ಮಲಗಿರ್ತಿದ್ರು." ಡೆಲಿವರಿ ಎಂಟೂವರೆಗೆ ಜಾರಿತ್ತು. ಅಕ್ಕ ಉಪ್ಪು, ಖಾರ, ಬೆಲೆ ಎಲ್ಲದರ ಮೇಲೂ ಅನುಮಾನ ಪಟ್ಟಿದ್ರು, ಗಡಿಯಾರ ಒಂದು ಬಿಟ್ಟು.

ಈಗ ಡಬ್ಬಿ ಆರು ಗಂಟೆಗೆ ಹೊರಡುತ್ತೆ. ಆ ಸುದ್ದಿಯನ್ನ ಫೋನಲ್ಲಿ ಸಿಗದವರಲ್ಲಿ ಅರ್ಧ ಜನಕ್ಕೆ ಮಾತ್ರ ಕಳಿಸಿದ್ದಾರೆ, ನಾಣ್ಯ ಚಿಮ್ಮಿ ಆರಿಸಿ. ಉಳಿದರ್ಧಕ್ಕೆ ಮೂರು ತಿಂಗಳಾದ ಮೇಲೆ. ದೊಡ್ಡ ಅಡುಗೆಮನೆ ಹಿಡಿಯೋ ಯೋಚನೆ ಸದ್ಯಕ್ಕೆ ಬಿಟ್ಟಿದ್ದಾರೆ; 300 ಹೆಸರು ನಂಬಿ ಸಹಿ ಹಾಕಿದ್ದಿದ್ರೆ ಮುಳುಗ್ತಿದ್ದೆ ಅಂತಾರೆ. ಇರೋ ಜಾಗವನ್ನೇ ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ. ಫಲಿತಾಂಶ ಬಂದಾಗ, ಅದು ಹೇಗೇ ಇರಲಿ, ಇಲ್ಲೇ ಹೇಳ್ತೀನಿ.

ನೀವೂ ಯಾವುದಾದ್ರೂ ಅಂಗಡಿಯನ್ನೋ ಹೋಟೆಲನ್ನೋ ಏನೂ ಹೇಳದೆ ಬಿಟ್ಟಿದ್ದೀರಾ? ಯಾಕೆ ಅಂತ ನಮಗೆ ಬರೀರಿ. ಆಗಿದ್ರೆ ಆ ಅಂಗಡಿಯವರಿಗೂ ಒಂದು ಮಾತು ಹೇಳಿಬಿಡಿ.