ಗುಲಾಬಿಗೆ ಘಮ ಇಲ್ಲ, ಔಷಧಿ ಇದೆ!

ಫೆಬ್ರವರಿ 14 ಬಂತೆಂದರೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಅಕ್ಕಪಕ್ಕದ ಬಕೆಟ್‌ಗಳೆಲ್ಲ ಕೆಂಪು ಕೆಂಪು. ಹಿಂದಿನ ದಿನದವರೆಗೂ ಸೇವಂತಿಗೆ, ಕನಕಾಂಬರ ಅಳೆದು ಕೊಡುತ್ತಿದ್ದವರೂ ಅಂದು ಉದ್ದ ಕಡ್ಡಿಯ ಗುಲಾಬಿ ನಿಲ್ಲಿಸಿಕೊಂಡು ಕೂರುತ್ತಾರೆ. ಕಾಲೇಜು ಹುಡುಗ ಬರುತ್ತಾನೆ. ಜೇಬಿನಲ್ಲಿ ಬಸ್ ಪಾಸು, ಮಡಚಿಟ್ಟ 50 ರೂಪಾಯಿ ನೋಟು.

"ಎಷ್ಟಣ್ಣಾ ಒಂದಕ್ಕೆ?"

"40 ರೂಪಾಯಿ."

"ಮೊನ್ನೆ 15 ಅಂದ್ರಲ್ಲಣ್ಣಾ!"

"ಮೊನ್ನೆ ತಗೊಂಡಿದ್ರೆ ಮೊನ್ನೆ ರೇಟು. ಇವತ್ತಿಗೆ ಇವತ್ತಿನ ರೇಟು. ಬೇಕಾ, ಬೇಡ್ವಾ? ಹಿಂದೆ ಜನ ನಿಂತವ್ರೆ."

ಹುಡುಗ ಕೊಂಡೇ ಕೊಳ್ಳುತ್ತಾನೆ. ಕೊಂಡ ಮೇಲೆ ಒಮ್ಮೆ ಮೂಸಿ ನೋಡುತ್ತಾನೆ. ವಾಸನೆಯೇ ಇಲ್ಲ! ಅಜ್ಜಿಯ ಮನೆ ಹಿತ್ತಲಿನ ಗುಲಾಬಿ ಊರಿಗೆಲ್ಲ ಘಮಘಮ ಎನ್ನುತ್ತಿತ್ತು, ಇದೇನು ಕಾಗದದ ಹೂವೇ ಎಂದು ಅವನಿಗೆ ಅನುಮಾನ. ಕಾಗದದ್ದಲ್ಲ. ಪಾಲಿಹೌಸಿನದು. ಹೂ ಹತ್ತು ದಿನ ಬಾಡಬಾರದು, ಕಡ್ಡಿ ಮಾರುದ್ದ ನೆಟ್ಟಗಿರಬೇಕು, ವಿಮಾನದಲ್ಲಿ ಹೋದರೂ ದಳ ಉದುರಬಾರದು ಎಂದು ಆರಿಸಿ ಆರಿಸಿ ಬೆಳೆಸಿದ ತಳಿ. ಅಷ್ಟೆಲ್ಲ ಸಿಕ್ಕಿತು, ಘಮ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಪ್ರೇಮಿಗಳ ದಿನ ಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ಅದನ್ನು ಮಾಡುವವರು ಬೇರೆ ಇದ್ದಾರೆ. 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಯವರು ಅಂದು ಹಸುವನ್ನು ಅಪ್ಪಿಕೊಳ್ಳಿ ಎಂದು ಮನವಿ ಹೊರಡಿಸಿ, ಕೆಲವೇ ದಿನದಲ್ಲಿ ಅದನ್ನು ವಾಪಸು ಪಡೆದದ್ದನ್ನು ಜನ ಮರೆತಿಲ್ಲ. ಇಲ್ಲಿನ ಮಾತು ಇಷ್ಟೇ: ಹೂ ಕೊಡುವುದೇ ಆದರೆ, ಆ ಹೂವನ್ನು ಬೆಳೆದವರ ಮೈಕೈಗೆ ಏನಾಯಿತು ಎಂದು ಒಮ್ಮೆಯಾದರೂ ಕೇಳಬಾರದೇ?

ಡಿಸೆಂಬರಿನಲ್ಲೇ ಶುರು

ಕಪ್ಪುಗೆಂಪಿನ ಆ ಗುಲಾಬಿಗೆ ಹೆಸರು 'ತಾಜ್ ಮಹಲ್'. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಪಾಲಿಹೌಸುಗಳಿಂದ ಹಿಡಿದು ಗಡಿಯಾಚೆಯ ಹೊಸೂರಿನವರೆಗೆ ಫೆಬ್ರವರಿಯಲ್ಲಿ ಇದರದೇ ದರ್ಬಾರು. ಪ್ರೇಮಿಗೆ ಪ್ರೇಮ ಯಾವಾಗ ಬೇಕಾದರೂ ಹುಟ್ಟಬಹುದು, ಗುಲಾಬಿಗೆ ಹಾಗಲ್ಲ. ಡಿಸೆಂಬರ್ ಮಧ್ಯಭಾಗದಲ್ಲಿ ಗಿಡ ಸವರಬೇಕು. ಅಲ್ಲಿಂದ 50-55 ದಿನಕ್ಕೆ, ಅಂದರೆ ಫೆಬ್ರವರಿ ಮೊದಲ ವಾರಕ್ಕೆ ಸರಿಯಾಗಿ ಮೊಗ್ಗು ಬರುತ್ತದೆ. ಚಳಿ ಜಾಸ್ತಿಯಾದರೆ ನಾಲ್ಕು ದಿನ ತಡ. ತಡವಾದರೆ ಮುಗಿಯಿತು. 15ನೇ ತಾರೀಖಿನ ಗುಲಾಬಿಯನ್ನು ಕೇಳುವವರಿಲ್ಲ. ದೀಪಾವಳಿ ಮುಗಿದ ಮೇಲೆ ಪಟಾಕಿ ಅಂಗಡಿ ತೆರೆದ ಹಾಗೆ.

ಹೀಗಾಗಿ ಬೆಳೆಗಾರನ ಎದೆಯಲ್ಲಿ ಆ ಎರಡು ತಿಂಗಳು ಡವಡವ. ಪಾಲಿಹೌಸಿಗೆ ಸರ್ಕಾರದ ತೋಟಗಾರಿಕೆ ಯೋಜನೆಯಲ್ಲಿ ಅರ್ಧ ಸಹಾಯಧನ ಸಿಕ್ಕರೂ ಉಳಿದರ್ಧಕ್ಕೆ ಬ್ಯಾಂಕಿನ ಸಾಲ. ಕೆಂಪು ನುಸಿ ಬಂದರೆ ಎಲೆ ಸುಟ್ಟಂತಾಗುತ್ತದೆ. ಥ್ರಿಪ್ಸ್ ಬಂದರೆ ದಳದ ಅಂಚು ಕರಕು. ಬೂದಿ ರೋಗ ಬಂದರೆ ಇಡೀ ತೋಟಕ್ಕೆ ಹಿಟ್ಟು ಚೆಲ್ಲಿದ ಹಾಗೆ. ದಳದ ಮೇಲೆ ಒಂದು ಚುಕ್ಕೆ ಕಂಡರೂ ವ್ಯಾಪಾರಿ ಹೂವನ್ನು ಪಕ್ಕಕ್ಕೆ ಎಸೆಯುತ್ತಾನೆ. ಕೊಳ್ಳುವವರಿಗೆ ಮಚ್ಚೆ ಇಲ್ಲದ ಗುಲಾಬಿ ಬೇಕು! ಆದ್ದರಿಂದ ಔಷಧಿ ಹೊಡಿ, ವಾರ ಬಿಟ್ಟು ಮತ್ತೆ ಹೊಡಿ.

ಡಬ್ಬದ ಮೇಲಿನ ತ್ರಿಕೋನ

ಔಷಧಿ ಎಂದು ಕರೆಯುವುದು ಬಾಯಿಮಾತಿಗೆ. ಅಸಲಿಗೆ ಅದು ವಿಷ. ಕೀಟನಾಶಕದ ಡಬ್ಬದ ಮೇಲೆ ವಜ್ರಾಕಾರದ ಚೌಕದೊಳಗೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪಾದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಸ್ವಲ್ಪ. ಕಾನೂನು ಮಾಡಿದವರು ಓದು ಬಾರದವರಿಗೂ ಗೊತ್ತಾಗಲಿ ಎಂದು ಬಣ್ಣ ಇಟ್ಟರು. ಆದರೆ ಡಬ್ಬವನ್ನು ನೋಡುವವನು ಕೊಂಡವನು. ಹೊಡೆಯುವವನು ಡ್ರಮ್ಮಿನಲ್ಲಿ ಕಲಸಿಟ್ಟ ನೀರನ್ನಷ್ಟೇ ನೋಡುತ್ತಾನೆ.

ಬಯಲಲ್ಲಿ ಹೊಡೆದರೆ ಗಾಳಿಗೆ ಹೋಗುತ್ತದೆ. ಪಾಲಿಹೌಸು ಸುತ್ತ ಪ್ಲಾಸ್ಟಿಕ್ಕು, ಮೇಲೆ ಪ್ಲಾಸ್ಟಿಕ್ಕು. ಒಳಗೆ ಸೆಕೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮೈಗೆ ಪೂರ್ತಿ ಅಂಗಿ ಹಾಕಬೇಕು ಎಂಬುದು ನಿಯಮ. ಆ ಸೆಕೆಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿದವರಿಗೇ ಗೊತ್ತು. ಹೆಗಲ ಮೇಲಿನ ಟವಲನ್ನೇ ಮೂಗಿಗೆ ಸುತ್ತಿಕೊಂಡು ಕೆಲಸ ಮುಗಿಸುವವರು ಎಲ್ಲ ಕಡೆ ಇದ್ದಾರೆ. ಔಷಧಿ ಹೊಡೆದ ಮೇಲೆ ಇಂತಿಷ್ಟು ಹೊತ್ತು ಒಳಗೆ ಕಾಲಿಡಬಾರದು ಎಂಬುದೂ ನಿಯಮವೇ. ಆದರೆ ಫೆಬ್ರವರಿ ಮೊದಲ ವಾರದಲ್ಲಿ ಮೊಗ್ಗು ಕಾಯುವುದಿಲ್ಲ, ಲಾರಿ ಕಾಯುವುದಿಲ್ಲ, ವಿಮಾನವಂತೂ ಮೊದಲೇ ಕಾಯುವುದಿಲ್ಲ.

ಹೂ ಕೊಯ್ಯುವುದು, ಕೆಳಗಿನ ಎಲೆ ಸವರುವುದು, ಅಳತೆ ಹಚ್ಚಿ ಜೋಡಿಸುವುದು, 20 ಕಡ್ಡಿಗೆ ಒಂದು ಕಟ್ಟು ಮಾಡಿ ರಟ್ಟು ಸುತ್ತುವುದು, ಈ ಕೆಲಸಗಳಲ್ಲಿ ಹೆಂಗಸರೇ ಹೆಚ್ಚು. ಮೊಗ್ಗು ಬೇಗ ಅರಳದಿರಲಿ ಎಂದು ಒಂದೊಂದಕ್ಕೂ ಬಲೆಯ ಟೋಪಿ ಹಾಕುವವರೂ ಅವರೇ. ಬೆರಳ ತುಂಬ ಮುಳ್ಳು ಗೀರಿದ ಗಾಯ. ಆ ಗಾಯಕ್ಕೆ ಎಲೆಯ ಮೇಲಿನ ಔಷಧಿ. ಗುಲಾಬಿ ಬೆಲೆ ಎರಡು-ಮೂರು ಪಟ್ಟು ಏರಿದ ವಾರದಲ್ಲಿ ಇವರ ದಿನಗೂಲಿ ಎಷ್ಟು ಪಟ್ಟು ಏರಿತು ಎಂದು ಕೇಳಿದರೆ ನಗುತ್ತಾರೆ.

ತರಕಾರಿಯಲ್ಲಿ, ಹಣ್ಣಿನಲ್ಲಿ ಇಷ್ಟಕ್ಕಿಂತ ಹೆಚ್ಚು ವಿಷದ ಅಂಶ ಉಳಿದಿರಬಾರದು ಎಂದು ಮಿತಿ ಇದೆ. ತಿನ್ನುವ ಪದಾರ್ಥವಲ್ಲ ಎಂದು ಹೂವನ್ನು ಯಾರೂ ಹಾಗೆ ತೂಗಿ ನೋಡುವುದಿಲ್ಲ. ಬೆಲ್ಜಿಯಂ ದೇಶದ ಸಂಶೋಧಕರು ಅಂಗಡಿಗಳಲ್ಲಿ ಮಾರುವ ಗುಲಾಬಿ, ಜರ್ಬೆರಾ, ಸೇವಂತಿಗೆಯ 90 ಮಾದರಿಗಳನ್ನು ತಂದು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಸಿಕ್ಕ ರಾಸಾಯನಿಕಗಳು ಒಂದಲ್ಲ, ಎರಡಲ್ಲ, ಒಟ್ಟು 107! ಅವರು ಆತಂಕಪಟ್ಟದ್ದು ಹೂ ಕೊಂಡು ಮನೆಗೆ ಒಯ್ಯುವವರಿಗಾಗಿ ಅಲ್ಲ, ದಿನವಿಡೀ ಬರಿಗೈಯಲ್ಲಿ ಹೂ ಮುಟ್ಟುವ ಅಂಗಡಿಯವರಿಗಾಗಿ. ಊರಿನ ಹೂವಿನ ಅಂಗಡಿಯವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಗುಲಾಬಿ ಕಟ್ಟು ಬಿಚ್ಚಿದ ಕೈಯಲ್ಲೇ ಬೋಂಡ ತಿನ್ನುವುದು ಬೇಡ.

ನೀರಿಲ್ಲದ ಸೀಮೆಯ ಹೂವು

ಇನ್ನೊಂದು ಲೆಕ್ಕ ನೀರಿನದು. ನಂದಿ ಬೆಟ್ಟದ ಸುತ್ತ ಐದು ನದಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಹುಟ್ಟುವುದೇನೋ ಹೌದು, ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಬೋರ್‌ವೆಲ್ 1000 ಅಡಿ ದಾಟಿ ಎಷ್ಟೋ ಕಾಲವಾಯಿತು. ಆಳಕ್ಕಿಳಿದಷ್ಟೂ ನೀರಿನ ಜೊತೆ ಫ್ಲೋರೈಡು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬಿಟ್ಟಾಗ, ಮೂರನೇ ಹಂತವನ್ನೂ ಮಾಡಿ ಕೊಡಿ ಎಂದು ರೈತರು ಬೀದಿಗಿಳಿದರು. ಇಂಥ ಸೀಮೆಯಿಂದ ಗುಲಾಬಿ ದೇವನಹಳ್ಳಿ ವಿಮಾನ ನಿಲ್ದಾಣದ ಮೂಲಕ ಸಿಂಗಪುರ, ಕುವೈತ್, ಕ್ವಾಲಾಲಂಪುರಕ್ಕೆ ಹಾರುತ್ತದೆ. ಹೂವಿನ ಜೊತೆ ನೀರೂ ಹಾರಿತು ಎಂದು ಬೇಕಾದರೆ ಹೇಳಬಹುದು.

ಹಾಗೆಂದು ಬೆಳೆಗಾರನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹನಿ ನೀರಾವರಿ ಹಾಕಿ, ಮಳೆನೀರನ್ನು ಪಾಲಿಹೌಸಿನ ಸೂರಿನಿಂದ ಹೊಂಡಕ್ಕೆ ಇಳಿಸಿಕೊಂಡು, ಹಳದಿ-ನೀಲಿ ಅಂಟಿನ ಹಾಳೆ ತೂಗುಬಿಟ್ಟು ಹುಳ ಹಿಡಿದು, ಬೇವಿನೆಣ್ಣೆ ಹೊಡೆದು ಔಷಧಿ ಕಡಿಮೆ ಮಾಡುವವರೂ ಇದ್ದಾರೆ. ಅವರ ಹೂವಿಗೂ ಮಾರುಕಟ್ಟೆಯಲ್ಲಿ ಅದೇ ಬೆಲೆ. ಒಂದು ಚುಕ್ಕೆ ಇದ್ದರಂತೂ ಇನ್ನೂ ಕಡಿಮೆ. 2020ರ ಲಾಕ್‌ಡೌನಿನಲ್ಲಿ ಹೂವನ್ನು ತಿಪ್ಪೆಗೆ ಸುರಿದವರೂ ಇವರೇ. ಆಗ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು. ಪಾಲಿಹೌಸಿನ ಸಾಲದ ಮುಂದೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕೀನ್ಯಾದಲ್ಲೂ ಇದೇ ಕಥೆ

ಯುರೋಪಿನ ಪ್ರೇಮಿಗಳಿಗೆ ಗುಲಾಬಿ ಹೋಗುವುದು ಬಹುಪಾಲು ಆಫ್ರಿಕಾದಿಂದ. ಕೀನ್ಯಾದ ನೈವಾಶಾ ಸರೋವರದ ದಂಡೆಯ ತುಂಬ ಗುಲಾಬಿ ತೋಟಗಳೇ. ಅಲ್ಲಿಗೂ ಬೆಂಗಳೂರಿಗೂ ನಂಟಿದೆ. ಬೆಂಗಳೂರಿನ ಕರುತುರಿ ಕಂಪನಿ 2007ರಲ್ಲಿ ನೈವಾಶಾದ ದೊಡ್ಡ ತೋಟವನ್ನು ಕೊಂಡು, ಜಗತ್ತಿನಲ್ಲೇ ಅತಿ ದೊಡ್ಡ ಗುಲಾಬಿ ಬೆಳೆಗಾರ ಎನಿಸಿಕೊಂಡಿತ್ತು. 2014ರಲ್ಲಿ ಬ್ಯಾಂಕಿನ ಸಾಲಕ್ಕೆ ಆ ತೋಟ ರಿಸೀವರ್ ಕೈ ಸೇರಿತು. ಕೆಲಸಗಾರರ ಸಂಬಳ ಬಾಕಿಯ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲೆಲ್ಲ ಬಂತು.

ದೂರದಿಂದ ಬಂದ ಹೂವೆಲ್ಲ ಕೆಟ್ಟದ್ದು, ಹತ್ತಿರದ್ದೆಲ್ಲ ಒಳ್ಳೆಯದು ಎನ್ನುವಷ್ಟು ಸುಲಭವೂ ಅಲ್ಲ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ 12,000 ಗುಲಾಬಿಯ ಲೆಕ್ಕ ತೆಗೆದರು. ಕೀನ್ಯಾದಲ್ಲಿ ಬೆಳೆದು ವಿಮಾನದಲ್ಲಿ ತಂದರೆ ಸುಮಾರು 6,000 ಕಿಲೋ ಇಂಗಾಲದ ಹೊಗೆ. ಪಕ್ಕದ ಹಾಲೆಂಡಿನಲ್ಲಿ ಗಾಜಿನ ಮನೆಗೆ ಶಾಖ ಕೊಟ್ಟು, ದೀಪ ಉರಿಸಿ ಬೆಳೆದರೆ 35,000 ಕಿಲೋ! ಬಿಸಿಲಿಗೆ ಕಾಸು ಕೊಡಬೇಕಿಲ್ಲವಲ್ಲ.

ಅಲ್ಲಿನ ಅಂಗಡಿಗಳಲ್ಲಿ ಫೇರ್‌ಟ್ರೇಡ್ ಮುದ್ರೆಯ ಗುಲಾಬಿ ಸಿಗುತ್ತದೆ. ಕೆಲಸಗಾರರಿಗೆ ರಕ್ಷಣೆಯ ಉಡುಪು, ಕೆಲವು ವಿಷಗಳಿಗೆ ಪೂರ್ತಿ ನಿಷೇಧ, ಬೆಲೆಯ ಮೇಲೆ ಇಷ್ಟು ಎಂದು ಒಂದು ನಿಧಿ. ಆ ನಿಧಿಯ ಹಣವನ್ನು ಶಾಲೆಗೋ ಆಸ್ಪತ್ರೆಗೋ ಹಾಕುವುದು ಕೆಲಸಗಾರರ ಸಮಿತಿಯ ತೀರ್ಮಾನ. ಕೀನ್ಯಾದ ಕೆಲವು ತೋಟಗಳಲ್ಲಂತೂ ಕೆಂಪು ನುಸಿಯನ್ನು ತಿನ್ನುವ ಬೇರೊಂದು ನುಸಿಯನ್ನು ಸಾಕಿ ಗಿಡದ ಮೇಲೆ ಬಿಡುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಬಕೆಟಿನ ಮೇಲೆ ಮುದ್ರೆ ಹುಡುಕಿದರೆ ಪೇಂಟಿನ ಕಂಪನಿಯದು ಸಿಕ್ಕೀತು, ಅಷ್ಟೇ.

ಹಾಗಾದರೆ ಏನು ಕೊಡೋಣ?

ಮುದ್ರೆ ಇಲ್ಲದಿದ್ದರೆ ಬಾಯಿ ಇದೆ. "ಯಾವ ಊರಿನ ತೋಟದ್ದಣ್ಣಾ?" ಎಂದು ಕೇಳಿದರೆ ಕಾಸು ಖರ್ಚಾಗದು. ಮೊದಲ ಸಲ ಅಂಗಡಿಯವನು ದುರುಗುಟ್ಟಿ ನೋಡಬಹುದು. ಹತ್ತು ಜನ ಕೇಳಿದರೆ ಅವನೂ ವ್ಯಾಪಾರಿಯನ್ನು ಕೇಳುತ್ತಾನೆ. ಎಲೆಯ ಮೇಲೆ ಬಿಳಿ ಪುಡಿಯ ಕಲೆ ಒಣಗಿ ನಿಂತಿದ್ದರೆ ಆ ಕಟ್ಟು ಬೇಡ. ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇದ್ದರೆ ಮೂಗು ಮುರಿಯಬೇಡಿ. ಕೆನ್ನೆ ಮೇಲೆ ಮಚ್ಚೆ ಇದ್ದರೆ ಚೆಂದ ಎನ್ನುವ ಪ್ರೇಮಿಗಳು ಗುಲಾಬಿಯನ್ನೂ ಅದೇ ಕಣ್ಣಿಂದ ನೋಡಲಿ. ಪ್ಲಾಸ್ಟಿಕ್ ಹಾಳೆಯ ಸುತ್ತು, ಜರಿ ರಿಬ್ಬನ್ನು ಬೇಡವೇ ಬೇಡ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ಹೊರಡಿಸಿದ್ದಾರೆಂದು ಬೋರ್ಡು ಹಾಕಿರುವ ಅಂಗಡಿಯಲ್ಲೇ ಅದನ್ನು ಸುತ್ತಿಕೊಡುವುದು ಬೇರೆ ತಮಾಷೆ. ಹಳೇ ಪೇಪರ್ ಸಾಕು. ಈ ಪತ್ರಿಕೆಯಾದರೂ ಆದೀತು.

ಗುಲಾಬಿಯೇ ಆಗಬೇಕೆಂದು ಶಾಸ್ತ್ರವೇನೂ ಇಲ್ಲ. ಸುಗಂಧರಾಜ ಬಯಲಲ್ಲೇ ಬೆಳೆಯುತ್ತದೆ, ಪಾಲಿಹೌಸು ಕೇಳುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೇ ಶೃಂಗಾರ್, ಪ್ರಜ್ವಲ್, ಸುವಾಸಿನಿ ಎಂಬ ತಳಿ ಮಾಡಿಕೊಟ್ಟಿದ್ದಾರೆ. ಶೃಂಗಾರ್ ಎಂಬ ಹೆಸರಿನ ಹೂವನ್ನು ಬಿಟ್ಟು ಪ್ರೇಮಿಗಳು ಬೇರೆ ಏನು ಹುಡುಕುತ್ತಾರೋ! ಸಾಯಂಕಾಲ ನಾಲ್ಕು ಕಡ್ಡಿ ಇಟ್ಟರೆ ರಾತ್ರಿ ಮನೆಯೆಲ್ಲ ಘಮ್ಮೆನ್ನುತ್ತದೆ.

ಮದುವೆಯಾಗಿ ಇಪ್ಪತ್ತು ವರ್ಷವಾದ ಅಂಗಡಿ ಯಜಮಾನರಿಗೆ ಮಲ್ಲಿಗೆ ಇದ್ದೇ ಇದೆ. ಶಟರ್ ಎಳೆದು ಹೋಗುವಾಗ ಎರಡು ಮೊಳ ಕೊಂಡು ಎಲೆಯಲ್ಲಿ ಕಟ್ಟಿಸಿಕೊಂಡರೆ ಅದಕ್ಕಿಂತ ದೊಡ್ಡ ಪ್ರೇಮಿಗಳ ದಿನ ಇನ್ನೊಂದಿಲ್ಲ. ಮಲ್ಲಿಗೆಯೂ ಪೂರ್ತಿ ನಿರಪರಾಧಿಯಲ್ಲ, ಮೊಗ್ಗು ಕೊರೆಯುವ ಹುಳಕ್ಕೆ ಅದಕ್ಕೂ ಹೊಡೆಯುತ್ತಾರೆ. ಆದರೆ ಅದರ ಕಾಸು ಹತ್ತಿರದಲ್ಲೇ ನಾಲ್ಕು ಮನೆಗೆ ಹಂಚಿಹೋಗುತ್ತದೆ. ಬಿಡಿಸಿದವಳಿಗಿಷ್ಟು, ಜಗುಲಿಯಲ್ಲಿ ಕೂತು ಕಟ್ಟಿದವಳಿಗಿಷ್ಟು, ಬುಟ್ಟಿ ಇಟ್ಟು ಮಾರಿದವಳಿಗಿಷ್ಟು. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯನ್ನು ಬಾಳೆ ನಾರಿನಲ್ಲೇ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಬೆಲೆ ದಿನದಿನ ಗೊತ್ತಾಗುತ್ತದೆ. ಉಡುಪಿ, ಮೈಸೂರು, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಗುಲಾಬಿಗೆ ತಾಜ್ ಮಹಲ್ ಎಂದು ಹೆಸರಿದ್ದರೂ ಊರಿಲ್ಲ.

ಇನ್ನೂ ಒಂದು ದಾರಿ, ನರ್ಸರಿಯ ಗುಲಾಬಿ ಸಸಿ. ಒಂದು ಕುಂಡ, ಎರಡು ಬೊಗಸೆ ಗೊಬ್ಬರ. ಬಸ್ಸಿನಲ್ಲಿ ಒಯ್ಯುವುದು ಕಷ್ಟ, ಕಂಡಕ್ಟರ್ ಲಗೇಜ್ ಕೇಳಿದರೂ ಕೇಳಬಹುದು. ಆದರೆ ವಾರಕ್ಕೆ ಬಾಡುವುದಿಲ್ಲ.

ಇಷ್ಟೆಲ್ಲ ಓದಿಯೂ ಉದ್ದ ಕಡ್ಡಿಯ ಕೆಂಪು ಗುಲಾಬಿಯೇ ಬೇಕು ಎನ್ನುವವರು 40 ರೂಪಾಯಿಯನ್ನು ಎರಡೇ ದಿನಕ್ಕೆ ನೀರುಪಾಲು ಮಾಡಬಾರದು. ಮನೆಗೆ ಒಯ್ದ ಕೂಡಲೇ ಕಡ್ಡಿಯ ತುದಿಯನ್ನು ಓರೆಯಾಗಿ ಒಂದು ಬೆರಳಷ್ಟು ಕತ್ತರಿಸಿ ನೀರಿಗೆ ಇಡಿ. ನೀರಿನೊಳಗೆ ಮುಳುಗುವ ಎಲೆ ಕಿತ್ತುಹಾಕಿ. ನೀರನ್ನು ದಿನಾ ಬದಲಾಯಿಸಿ. ಬಿಸಿಲಿಗೆ, ಫ್ಯಾನಿನ ಕೆಳಗೆ ಇಡಬೇಡಿ. ಹೂ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು ಊಟಕ್ಕೆ ಕೂತುಕೊಳ್ಳಿ. ದಳ ಉದುರಿದ ಮೇಲೆ ಅಯ್ಯೋ ದಂಡವಾಯಿತಲ್ಲ ಎಂದು ಸಕ್ಕರೆ ಬೆರೆಸಿ ಗುಲ್ಕನ್ ಮಾಡಲು, ಮಗುವಿನ ಸ್ನಾನದ ನೀರಿಗೆ ಹಾಕಲು ಹೋಗಬೇಡಿ. ಅದು ತಿನ್ನುವ ಗುಲಾಬಿಯಲ್ಲ.