ಸ್ಕ್ರೀನ್ ಪ್ರಿಂಟಿಂಗ್: ಪರದೆಯ ಕಣ್ಣಿಂದ ಇಳಿಯುವ ಬಣ್ಣ

ರಟ್ಟಿನಲ್ಲಿ ‘ಠ’ ಅಕ್ಷರ ಕೊರೆದು ನೋಡಿ. ಸುತ್ತಿನ ಗೆರೆ ಮುಗಿಯುತ್ತಿದ್ದಂತೆ ಒಳಗಿನ ಭಾಗ ಚುಕ್ಕೆಯ ಸಮೇತ ಕಳಚಿ ಬೀಳುತ್ತದೆ. ಗೋಣಿಚೀಲದ ಮೇಲೆ ತಗಡಿನ ಅಚ್ಚಿಟ್ಟು ಹೆಸರು ಬರೆಯುವವರು ಅಕ್ಷರದ ನಡುವೆ ಅಲ್ಲಲ್ಲಿ ಸಣ್ಣ ಪಟ್ಟಿ ಬಿಡುವುದು ಇದಕ್ಕಾಗಿಯೇ. ಪಟ್ಟಿ ಬಿಡದೆ ಒಳತುಂಡನ್ನು ನಿಲ್ಲಿಸುವುದು ಹೇಗೆ ಎಂಬ ಹುಡುಕಾಟದಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಬೆಳೆದುಬಂತು.

ರೇಷ್ಮೆ ಎಳೆಯಿಂದ ರೇಷ್ಮೆ ಬಟ್ಟೆಗೆ

ಜಪಾನಿನಲ್ಲಿ ಕಟಗಾಮಿ ಎಂಬ ಕಾಗದದ ಅಚ್ಚು ಮಾಡುವ ಕುಶಲಿಗಳು ಕಾಗದದ ಪದರಗಳನ್ನು ಪರ್ಸಿಮನ್ ಹಣ್ಣಿನ ಒಗರು ರಸದಿಂದ ಅಂಟಿಸಿ ಗಟ್ಟಿ ಮಾಡಿ, ಅದರಲ್ಲಿ ಚಿತ್ತಾರ ಕೊರೆಯುತ್ತಿದ್ದರು. ಆಸರೆಯಿಲ್ಲದ ತುಣುಕುಗಳನ್ನು ಹಿಡಿದಿಡಲು ಹಾಳೆಗಳ ನಡುವೆ ನವಿರಾದ ರೇಷ್ಮೆ ಎಳೆ ಸೇರಿಸುತ್ತಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪಡೆದ ಪೇಟೆಂಟಿನಲ್ಲಿ ಎಳೆಗಳ ಬದಲು ಇಡೀ ರೇಷ್ಮೆ ಬಟ್ಟೆಯೇ ಅಚ್ಚಿಗೆ ಆಸರೆಯಾಯಿತು. ಈಗ ರೇಷ್ಮೆಯ ಜಾಗದಲ್ಲಿ ಪಾಲಿಯೆಸ್ಟರ್ ಜಾಲರಿ ಬಂದಿದೆ.

ಅಚ್ಚು ಮೂಡುವ ಬಗೆ

1910ರ ದಶಕದಲ್ಲಿ ಬೆಳಕಿಗೆ ಗಟ್ಟಿಯಾಗುವ ರಾಸಾಯನಿಕಗಳ ಬಳಕೆ ಶುರುವಾದ ಮೇಲೆ ಕೊರೆಯುವ ಕೆಲಸವೂ ತಪ್ಪಿತು. ಚೌಕಟ್ಟಿಗೆ ಬಿಗಿದ ಜಾಲರಿಗೆ ಎಮಲ್ಷನ್ ಎಂಬ ಇಂಥ ರಾಸಾಯನಿಕದ ಲೇಪ ಬಳಿದು ಕತ್ತಲಲ್ಲಿ ಒಣಗಿಸುತ್ತಾರೆ. ಕಪ್ಪು ಚಿತ್ರವಿರುವ ಫಿಲ್ಮನ್ನು ಅದಕ್ಕೆ ಒತ್ತಿಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ತಡೆದಲ್ಲಿ ಮೆತ್ತಗೇ ಉಳಿದು, ನೀರು ಬಿಟ್ಟರೆ ತೊಳೆದುಹೋಗುತ್ತದೆ. ಹಾಗೆ ತೆರೆದ ಕಣ್ಣುಗಳಿಂದಷ್ಟೇ ಬಣ್ಣ ಇಳಿಯುತ್ತದೆ.

ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಬಣ್ಣವನ್ನು ಎಳೆಯುವಾಗ ಜಾಲರಿಗೂ ಹಾಳೆಗೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರಬೇಕು. ಪಟ್ಟಿ ಮುಂದೆ ಸರಿದಂತೆ ಜಾಲರಿ ಹಿಂದಿನಿಂದ ಮೇಲೇಳುತ್ತದೆ, ಅಂಚು ಕದಡುವುದಿಲ್ಲ. ಟೀ ಶರ್ಟಿಗೆ ಸಾಮಾನ್ಯವಾಗಿ ಇಂಚಿಗೆ 110ರಷ್ಟು ಎಳೆಯಿರುವ ಜಾಲರಿ ಸಾಕು. ಕಾಗದದ ಮೇಲಿನ ಸಣ್ಣ ಅಕ್ಷರಕ್ಕೆ 300ರ ಆಸುಪಾಸು ಬೇಕು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕಾದ್ದರಿಂದ, ಗುರುತಿಗೆ ಗುರುತು ಕೂಡಿಸುವುದರಲ್ಲೇ ಕೈಚಳಕ ಗೊತ್ತಾಗುತ್ತದೆ.

ಅಂಗಡಿ ಫಲಕದಿಂದ ಕಲೆಗೆ

ಮೊದಮೊದಲು ಇದು ಅಂಗಡಿ ಫಲಕಗಳ ಕಸುಬಾಗಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ಕಲಾವಿದರಿಗೆ ಕೆಲಸ ಕೊಡುತ್ತಿದ್ದಾಗ, ಆಂಟನಿ ವೆಲೋನಿಸ್ ನ್ಯೂಯಾರ್ಕ್‌ನಲ್ಲಿ ಇದನ್ನು ಚಿತ್ರಕಾರರ ಕೈಗೆ ದಾಟಿಸಿದರು. 1962ರಲ್ಲಿ ಆಂಡಿ ವಾರ್ಹೋಲ್ ಮರ್ಲಿನ್ ಮನ್ರೋ ಮುಖವನ್ನು ಸಾಲುಸಾಲಾಗಿ ಅಚ್ಚೊತ್ತಿದಾಗ, ಬಣ್ಣ ಕಟ್ಟಿಕೊಂಡದ್ದನ್ನೂ ಮಾಸಿದ್ದನ್ನೂ ಹಾಗೇ ಉಳಿಸಿಕೊಂಡರು. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಕಲಾಶಾಲೆಯ ವಿದ್ಯಾರ್ಥಿಗಳು ಚಳವಳಿಯ ಪೋಸ್ಟರುಗಳಿಗೆ ಇದನ್ನೇ ನೆಚ್ಚಿಕೊಂಡರು; ಕಡಿಮೆ ಖರ್ಚಿನಲ್ಲಿ ರಾತ್ರೋರಾತ್ರಿ ಗೋಡೆ ತುಂಬಿಸಲು ಇದು ಸಾಕಾಗಿತ್ತು.

ಬಣ್ಣದ ಪದರ ದಪ್ಪವಾಗಿ ಕೂರುವುದೇ ಇದರ ದೊಡ್ಡ ಬಲ. ಕಪ್ಪು ಬಟ್ಟೆಯ ಮೇಲಿನ ಬಿಳಿ ಅಕ್ಷರಕ್ಕೂ, ಲಗ್ನಪತ್ರಿಕೆಯ ಹೊನ್ನಿನ ಬಣ್ಣಕ್ಕೂ, ಗಾಜಿನ ಬಾಟಲಿಗೂ ಇಂದಿಗೂ ಇದೇ ಬೇಕು. ಕಲಿಯುವವರಿಗೆ ಮೊದಲ ದಿನವೇ ಎಮಲ್ಷನ್ ಬೇಕಿಲ್ಲ. ತೆಳು ಕಾಗದದಲ್ಲಿ ಚಿತ್ರ ಕತ್ತರಿಸಿ ಜಾಲರಿಯ ಕೆಳಗಿಟ್ಟು ಒಮ್ಮೆ ಎಳೆದರೆ, ಬಣ್ಣದ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ಶಾಲೆಯ ಚಿತ್ರಕಲಾ ತರಗತಿಗೆ ಇಷ್ಟು ಸಾಕು, ಮಕ್ಕಳಿಗೆ ಕಲಿಸಲೇಬೇಕಾದ ಕಸುಬಿದು.